ಅಪ್ಪನ ಕೆಲಸಕ್ಕೆ ನಾಲ್ಕು ಸ್ಟ್ಯಾಂಡು

ಆರಿಸುವ ವಿಷಯದಲ್ಲಿ ದಾಮೋದರ ಆಚಾರ್ಯನನ್ನು ಮೀರಿಸುವವರು ಸೂರತ್ತಿನ ಕನ್ನಡಿಗರಲ್ಲಿ ಯಾರೂ ಇರಲಿಲ್ಲ. ಹಾಗೆಂದು ಬೇರೆಯವರು ಹೇಳುತ್ತಿದ್ದರೋ ಅವನೇ ಹೇಳಿಕೊಳ್ಳುತ್ತಿದ್ದನೋ, ಒಟ್ಟಿನಲ್ಲಿ ಮಾತು ಚಾಲ್ತಿಯಲ್ಲಿತ್ತು. ಸರಕಾರಿ ತೈಲ ಕಂಪನಿಯೊಂದರ ಖರೀದಿ ವಿಭಾಗದಲ್ಲಿ ಅವನು ಮೂವತ್ತನಾಲ್ಕು ವರ್ಷ ಕಳೆದಿದ್ದ. ವಡೋದರದಲ್ಲಿ ಹದಿಮೂರು, ಅಹಮದಾಬಾದಿನ ಚಾಂದ್‌ಖೇಡಾದಲ್ಲಿ ಹನ್ನೆರಡು, ಕೊನೆಯ ಒಂಬತ್ತು ಸೂರತ್ತಿನಲ್ಲಿ. ಅಷ್ಟು ವರ್ಷವೂ ಮಾಡಿದ್ದು ಒಂದೇ ಕೆಲಸ, ಬೇರೆಯವರು ಬಳಸುವ ವಸ್ತುವನ್ನು ಅಳೆದು ಸುರಿದು ಆರಿಸುವುದು. ಹೆಲ್ಮೆಟ್ಟು, ಏಣಿ, ಕೈಗವಸು, ಕ್ಯಾಂಟೀನಿನ ಇಡ್ಲಿ ಪಾತ್ರೆ, ಗೆಸ್ಟ್‌ಹೌಸಿನ ದಿಂಬು, ಎಲ್ಲವೂ ಅವನ ಕಣ್ಣು ದಾಟಿಯೇ ಹೋಗಬೇಕಿತ್ತು.

ಈ ಕೆಲಸಕ್ಕೆ ಅವನದೊಂದು ಸೂತ್ರವಿತ್ತು. ವಸ್ತುವನ್ನು ಬಳಸುವವನ ಮಾತನ್ನು ಕೊಳ್ಳುವವನು ಕೇಳಬಾರದು. ಬಳಸುವವನಿಗೆ ಮೊದಲೇ ಯಾವುದೋ ಒಂದು ಕಂಪನಿಯ ಮೇಲೆ ಮನಸ್ಸಿರುತ್ತದೆ, ಆ ಕಂಪನಿಯ ಏಜೆಂಟು ಅವನ ಭಾವಮೈದುನನೇ ಆಗಿದ್ದರೂ ಆಶ್ಚರ್ಯವಿಲ್ಲ. ಕಿವಿಗೊಟ್ಟರೆ ಪಕ್ಷಪಾತ, ಪಕ್ಷಪಾತವಾದರೆ ವಿಚಾರಣೆ. ಆದ್ದರಿಂದ ಕಿವಿ ಮುಚ್ಚಿಕೊಂಡು ಕಾಗದ ನೋಡಬೇಕು. ಸೂತ್ರ ಆಫೀಸಿನಲ್ಲಿ ಚೆನ್ನಾಗಿಯೇ ನಡೆಯಿತು, ಅವನ ಮೇಲೆ ಒಂದು ದಿನವೂ ಒಂದು ಮಾತು ಬರಲಿಲ್ಲ. ತೊಂದರೆಯೆಂದರೆ, ಸಂಜೆ ಆರಕ್ಕೆ ಆಫೀಸು ಮುಚ್ಚಿದರೂ ಸೂತ್ರ ಮುಚ್ಚುತ್ತಿರಲಿಲ್ಲ. ಅದು ಅವನ ಜೊತೆಗೇ ಮನೆಗೆ ಬರುತ್ತಿತ್ತು.

ಮನೆಯಲ್ಲಿ ಅದನ್ನು ಅನುಭವಿಸಿದವಳು ಹೆಂಡತಿ ಗಿರಿಜಾ. ಸೂರತ್ತಿನ ಅಡಾಜಣ್‌ನಲ್ಲಿ ರೋ ಹೌಸ್ ಕೊಂಡಾಗ ಅಡಿಗೆಕಟ್ಟೆಯ ಎತ್ತರವನ್ನು ದಾಮೋದರ ಯಾವುದೋ ಮಾನಕ ಪುಸ್ತಕ ನೋಡಿ ನಿಶ್ಚಯಿಸಿದ್ದ. ಗಿರಿಜಾ ಗಿಡ್ಡ ಹೆಂಗಸು. ಚಪಾತಿ ಲಟ್ಟಿಸಬೇಕಾದರೆ ಕಾಲ ಕೆಳಗೆ ಮಣೆ ಇಟ್ಟುಕೊಂಡು ಹತ್ತಬೇಕಾಯಿತು. ಕೇಳಿದ್ದಕ್ಕೆ, "ಸ್ಟ್ಯಾಂಡರ್ಡ್ ಪ್ರಕಾರ ಸರಿಯಾಗೇ ಉಂಟು" ಎಂದ. "ಹಾಗಾದ್ರೆ ನಾನೇ ಸ್ಟ್ಯಾಂಡರ್ಡ್ ಇಲ್ಲ, ಬಿಡಿ" ಎಂದು ಅವಳು ಮಣೆ ಹತ್ತಿದಳು. ಆಮೇಲೆ ಆ ಮಾತು ಎತ್ತಲಿಲ್ಲ. ಮೂವತ್ತು ವರ್ಷ ಸಂಸಾರ ಮಾಡಿದವರಿಗೆ ಯಾವುದಕ್ಕೆ ಜಗಳ ಮಾಡಬೇಕು ಯಾವುದಕ್ಕೆ ಮಣೆ ಹಾಕಿಕೊಳ್ಳಬೇಕು ಎಂಬುದು ಗೊತ್ತಿರುತ್ತದೆ.

ಎರಡು ವರ್ಷದ ಹಿಂದೆ ದಾಮೋದರನ ತಾಯಿ ತೀರಿಕೊಂಡರು. ಊರಲ್ಲಿ ತಮ್ಮನ ಸಂಸಾರವಿತ್ತು, ಅಪ್ಪನನ್ನು ನೋಡಿಕೊಳ್ಳಲು ಅವರೇನೂ ಹಿಂದೆಗೆಯಲಿಲ್ಲ. ಆದರೂ ದಾಮೋದರ ಹಟ ಹಿಡಿದು ಅಪ್ಪನನ್ನು ಸೂರತ್ತಿಗೆ ಕರೆತಂದ. ಅವನು ನಿವೃತ್ತನಾಗಿ ಒಂದು ತಿಂಗಳಾಗಿತ್ತಷ್ಟೇ, ಕೈಯಲ್ಲಿ ಬೇಕಾದಷ್ಟು ಸಮಯವಿತ್ತು, ಆರಿಸಲು ಏನೂ ಇರಲಿಲ್ಲ.

ಅಪ್ಪ ಶೀನ ಆಚಾರಿ, ಕಾರ್ಕಳದ ಕಡೆಯ ಬಡಗಿ. ಎಂಬತ್ತೆರಡು ವರ್ಷ. ಬರುವಾಗ ಬಟ್ಟೆಯ ಚೀಲ ಚಿಕ್ಕದು, ಹತಾರಿನ ಚೀಲ ದೊಡ್ಡದು: ಉಳಿ, ಬಾಚಿ, ಕೀಸುಳಿ, ಗರಗಸ, ಕೊಡತಿ. ಹೆಂಡತಿ ಹೋದ ಮೇಲೆ ಅವರು ಮಾತು ಕಡಿಮೆ ಮಾಡಿದ್ದರು, ಊಟ ಕಡಿಮೆ ಮಾಡಿದ್ದರು. ಗುಜರಾತಿನ ಎಲ್ಲ ಮನೆಗಳಂತೆ ಈ ಮನೆಯ ಹಜಾರದಲ್ಲೂ ಒಂದು ತೂಗುಮಂಚವಿತ್ತು. ಅದರ ಮೇಲೆ ಕೂತು, ಕಾಲು ನೆಲಕ್ಕೆ ತಾಗಿಸದೆ, ಗೋಡೆ ನೋಡುತ್ತಿದ್ದರು. ಅಪ್ಪನ ಕೈಗೆ ಮತ್ತೆ ಕೆಲಸ ಸಿಕ್ಕಿದರೆ ಅಪ್ಪ ಉಳಿದುಕೊಳ್ಳುತ್ತಾರೆ, ಇಲ್ಲದಿದ್ದರೆ ಇಲ್ಲ ಎಂದು ದಾಮೋದರನಿಗೆ ಖಚಿತವಾಗಿ ತೋರಿತ್ತು. ಅಷ್ಟರಮಟ್ಟಿಗೆ ಅವನ ಲೆಕ್ಕ ತಪ್ಪಿರಲಿಲ್ಲ.

ಮೊದಲು ದಾರಿ ಮಾಡಿದವಳು ಗಿರಿಜಾ. ಊರಿಂದ ತಂದಿದ್ದ ಅವಳ ಮೆಟ್ಟುಕತ್ತಿಯ ಮಣೆ ಸೀಳಿಹೋಗಿತ್ತು. ಕಾಲಲ್ಲಿ ಮೆಟ್ಟಿಕೊಂಡು, ನೆಲದ ಮೇಲೆ ಕೂತು ತರಕಾರಿ ಹೆಚ್ಚುವ ಕತ್ತಿ ಅದು, ಸೂರತ್ತಿನ ಅಂಗಡಿಗಳಲ್ಲಿ ಸಿಗುವುದಿಲ್ಲ.

"ಮಾವ, ಇದಕ್ಕೊಂದು ಮಣೆ ಮಾಡಿ ಕೊಡ್ಲಿಕ್ಕೆ ಆಗ್ತದಾ?"

"ಅದೆಂತ ದೊಡ್ಡ ಕೆಲಸ ಮಗಳೇ? ಒಂದು ತುಂಡು ಮರ ತರಿಸಿ ಕೊಡು. ನಾಡಿದ್ದಿಗೆ ಕೊಟ್ಟೆ."

ಗಿರಿಜಾ ವಲಸಾಡ ಕಡೆಯ ತೇಗದ ಒಂದು ತುಂಡು ತರಿಸಿದಳು. ಶೀನ ಆಚಾರಿ ಅದನ್ನು ಮೂಸಿ ನೋಡಿದರು, ಉಗುರಿನಿಂದ ಕೆರೆದು ನೋಡಿದರು, "ಲಾಯ್ಕುಂಟು" ಎಂದರು. ಮಾರನೆಯ ಬೆಳಿಗ್ಗೆ ಮನೆಯ ಮುಂದಿನ ಪೋರ್ಚಿನಲ್ಲಿ ಒಂದು ಗೋಣಿ ಹಾಸಿಕೊಂಡು ಕೂತೇಬಿಟ್ಟರು.

ಅವರ ಪಂಗಡದ ಹಳೆಯ ಬಡಗಿಗಳು ಕೆಲಸ ಮಾಡುತ್ತಿದ್ದದ್ದೇ ಹಾಗೆ. ನೆಲದಲ್ಲಿ ಕೂರಬೇಕು, ಮರವನ್ನು ಪಾದಗಳ ನಡುವೆ ಹಿಡಿಯಬೇಕು. ಕೈ ಕೆತ್ತುತ್ತಿದ್ದರೆ ಕಾಲು ಮರವನ್ನು ಅಷ್ಟಷ್ಟೇ ತಿರುಗಿಸಿ ಕೊಡಬೇಕು. ಶೀನ ಆಚಾರಿಯವರ ಬಲಗಾಲಿನ ಹೆಬ್ಬೆರಳು ಎಪ್ಪತ್ತು ವರ್ಷ ಮರ ಹಿಡಿದು ಹಿಡಿದು ಉಳಿದ ಬೆರಳುಗಳಿಂದ ದೂರ ಸರಿದು, ಬೇರೆಯೇ ಒಂದು ಕೈಯ ಹಾಗೆ ನಿಂತಿತ್ತು. ಆ ಬೆರಳಿಗೆ ಸರಿಯಾದ ಚಪ್ಪಲಿ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ದಾಮೋದರನಿಗೆ ಇದೆಲ್ಲ ಗೊತ್ತಿರಲಿಲ್ಲವೆಂದಲ್ಲ. ಆದರೆ ಚಿಕ್ಕಂದಿನಲ್ಲಿ ಓದಲಿ ಎಂದು ಅಪ್ಪ ಅವನನ್ನು ಉಳಿಯ ಹತ್ತಿರ ಬಿಟ್ಟಿರಲಿಲ್ಲ, ಅವನಿಗೂ ಬೇಕಿರಲಿಲ್ಲ. ನೋಡಿದ್ದ, ಲಕ್ಷ್ಯ ಕೊಟ್ಟಿರಲಿಲ್ಲ.

ಆವತ್ತು ತಾಪಿ ನದಿಯ ದಂಡೆಯಲ್ಲಿ ವಾಕಿಂಗ್ ಮುಗಿಸಿ ಬಂದವನಿಗೆ ಕಂಡದ್ದು, ಎಂಬತ್ತೆರಡು ವರ್ಷದ ಅಪ್ಪ ಪೋರ್ಚಿನ ನೆಲದ ಮೇಲೆ ಮುದುರಿ ಕೂತಿರುವುದು, ಸುತ್ತ ಮರದ ಹೊಟ್ಟು, ಎದುರು ಮನೆಯವರು ಹಲ್ಲುಜ್ಜುತ್ತ ನಿಂತು ನೋಡುತ್ತಿರುವುದು. ಅವನು ಅವಸರದಿಂದ ಅಪ್ಪನ ಹತ್ತಿರ ಹೋದ. ಆ ಅವಸರದಲ್ಲಿ ಅರ್ಧ ಅಪ್ಪನ ಮೇಲಿನ ಮರುಕ, ಅರ್ಧ ಎದುರು ಮನೆಯವರ ಹಲ್ಲುಜ್ಜುವಿಕೆ. ಯಾವುದು ಎಷ್ಟು ಎಂದು ಆವತ್ತು ಅವನಿಗೆ ಗೊತ್ತಾಗಲಿಲ್ಲ. ಈಗ ಗೊತ್ತು, ಆದರೆ ಯಾರ ಮುಂದೆಯೂ ಹೇಳಿಕೊಳ್ಳುವುದಿಲ್ಲ.

"ಅಪ್ಪ, ನೀವು ನೆಲದಲ್ಲಿ ಕೂತು ಮಾಡುದೆಲ್ಲ ಬೇಡ. ಹಿಂದಿನ ಕೋಣೆ ಖಾಲಿ ಉಂಟು. ಅಲ್ಲೇ ಒಂದು ಒಳ್ಳೆ ವರ್ಕ್‌ಶಾಪ್ ಮಾಡುವ. ಮರ ಇಡ್ಲಿಕ್ಕೆ ಸ್ಟ್ಯಾಂಡ್ ತರ್ತೇನೆ. ನಾಲ್ಕು ದಿನ ತಡೀರಿ."

"ನಂಗೆ ಎಂತಕ್ಕೆ ಮಗ ಸ್ಟ್ಯಾಂಡು? ನನ್ನದು ಕಾಲಲ್ಲೇ…"

"ನೀವು ಸುಮ್ನಿರಿ ಅಪ್ಪ, ಎಲ್ಲ ನಾನು ನೋಡ್ತೇನೆ."

ಶೀನ ಆಚಾರಿ ಮಗನ ಮುಖ ನೋಡಿದರು. ಓದಿದ ಮಗ, ಆಫೀಸರನಾಗಿದ್ದ ಮಗ, ಇಷ್ಟು ಆಸೆಯಿಂದ ಹೇಳುತ್ತಿದ್ದಾನೆ. ಅರ್ಧ ಕೆತ್ತಿದ ಮಣೆಯನ್ನೂ ಹತಾರುಗಳನ್ನೂ ಚೀಲಕ್ಕೆ ಹಾಕಿ, ಗೋಣಿ ಮಡಚಿ ಒಳಗೆ ಹೋದರು. ನಾಲ್ಕು ದಿನ ತಡೆಯಲು ಅವರಿಗೇನೂ ಕಷ್ಟವಿರಲಿಲ್ಲ.

ನಾಲ್ಕು ದಿನ ನಾಲ್ಕು ತಿಂಗಳಾಯಿತು. ದಾಮೋದರನಿಗೆ ಮರುಜನ್ಮ ಬಂದಂತಾಗಿತ್ತು. ಬೆಳಿಗ್ಗೆ ಎದ್ದರೆ ಮೊಬೈಲಿನಲ್ಲಿ ಸ್ಟ್ಯಾಂಡುಗಳ ವಿಡಿಯೊ, ಮಧ್ಯಾಹ್ನ ಕೊಂಡವರ ಅಭಿಪ್ರಾಯಗಳ ಓದು, ಸಂಜೆ ಕಂಪ್ಯೂಟರಿನಲ್ಲಿ ತುಲನಾಪಟ್ಟಿ. ಮಡಚುವ ಉಕ್ಕಿನ ಸ್ಟ್ಯಾಂಡು ಎಷ್ಟು ಭಾರ ತಡೆಯುತ್ತದೆ, ಉರುಳೆ ಇರುವ ಸ್ಟ್ಯಾಂಡಿನ ಮೇಲೆ ಉದ್ದ ಹಲಗೆ ಎಷ್ಟು ಸಲೀಸಾಗಿ ಜಾರುತ್ತದೆ, ಕಾಲಿನ ರಬ್ಬರು ಗಟ್ಟಿಯೋ ಮೆತ್ತಗೋ, ಎತ್ತರ ಎಷ್ಟರಿಂದ ಎಷ್ಟರವರೆಗೆ ಏರಿಳಿಯುತ್ತದೆ, ಹೀಗೆ ಹದಿನಾಲ್ಕು ಅಂಕಣಗಳ ಪಟ್ಟಿ. ಒಂದನ್ನು ಕಣ್ಣಾರೆ ನೋಡಲು ವಡೋದರಕ್ಕೆ ಹೋಗಿ ಬಂದ. ಅಹಮದಾಬಾದಿನಲ್ಲಿ ಯಂತ್ರೋಪಕರಣಗಳ ಪ್ರದರ್ಶನ ನಡೆದಾಗ ಅಲ್ಲಿಗೂ ಹೋದ, ಚಾಂದ್‌ಖೇಡಾದ ಹಳೇ ಸಹೋದ್ಯೋಗಿಯ ಮನೆಯಲ್ಲಿ ಉಳಿದು, ಎರಡು ದಿನ ಸ್ಟ್ಯಾಂಡುಗಳ ಮೇಲೆ ಕೈಯೂರಿ ಅಲುಗಾಡಿಸಿ ಬಂದ. ಮನೆಯಲ್ಲಿ ಶೀನ ಆಚಾರಿ ತೂಗುಮಂಚದ ಮೇಲಿಂದ ಆಗಾಗ, "ಆಯ್ತಾ ಮಗ?" ಎನ್ನುತ್ತಿದ್ದರು. "ಇನ್ನೇನು ಅಪ್ಪ, ಆಗೇ ಹೋಯ್ತು" ಎಂದು ಇವನು ಅನ್ನುತ್ತಿದ್ದ.

ನಡುವೆ ಒಂದು ದಿನ ತಾಪಿ ದಾಟಿ ಹಳೇ ಊರಿನ ಮರದ ಬಜಾರಿಗೂ ಹೋದ. ಹರೀಶ್‌ಭಾಯ್ ಸುಥಾರ್ ಎಂಬ ಬಡಗಿ ಅಲ್ಲಿ ಮರದ ಸ್ಟ್ಯಾಂಡುಗಳನ್ನು ಮಾಡುತ್ತಾನೆ, ಅದಕ್ಕೆ ಅವರು ಘೋಡಿ ಅನ್ನುತ್ತಾರೆ ಎಂದು ಯಾರೋ ಹೇಳಿದ್ದರು. ಹೋದ ದಿನ ಅಂಗಡಿಗೆ ಬಾಗಿಲು. ಪಕ್ಕದವನು ನಕ್ಕು, ಇವತ್ತು ಅಮಾವಾಸ್ಯೆ, ಅಮಾವಾಸ್ಯೆಯ ದಿನ ಸುಥಾರರು, ಅಂದರೆ ಬಡಗಿ ಜನ, ಉಳಿ ಮುಟ್ಟುವುದಿಲ್ಲ ಎಂದ. ಮನೆಗೆ ಬಂದು ಇದನ್ನು ಹೇಳಿದಾಗ ಶೀನ ಆಚಾರಿಯವರ ಮುಖ ಎಷ್ಟೋ ದಿನದ ಮೇಲೆ ಅರಳಿತು.

"ಹೌದಾ? ಅಲ್ಲಿಯೂ ಹಾಗೆ ಉಂಟಾ? ಆ ಜನವನ್ನು ಒಮ್ಮೆ ಮನೆಗೆ ಕರ್ಕೊಂಡು ಬಾ ಮಾರಾಯ. ಭಾಷೆ ಬರದಿದ್ರೆ ಎಂತಾಯ್ತು, ಕೆಲಸ ನೋಡಿದ್ರೆ ಸಾಕು."

ದಾಮೋದರ ಆಯಿತು ಎಂದ, ಕರೆತರಲಿಲ್ಲ. ಮಾರನೆಯ ದಿನ ಮತ್ತೆ ಹೋದಾಗ ಹರೀಶ್‌ಭಾಯ್ ಎಲ್ಲ ವಿವರ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದ. "ದಾದಾ ಊಭಾ ರಹೀನೆ ಕಾಮ್ ಕರೆ ಕೆ ಬೇಸೀನೆ?" ಮುದುಕರು ಕೆಲಸ ಮಾಡುವುದು ನಿಂತೋ ಕೂತೋ ಎಂದು. ದಾಮೋದರನಿಗೆ ಪ್ರಶ್ನೆ ಕೊಂಚ ಉದ್ಧಟತನದ್ದೆನಿಸಿತು. ಎಂಬತ್ತೆರಡು ವರ್ಷದವರನ್ನು ನೆಲದಲ್ಲಿ ಯಾಕೆ ಕೂರಿಸಲಿ, ನಿಂತೇ ಎಂದ. ಹರೀಶ್‌ಭಾಯ್ ಪೆನ್ಸಿಲನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು, ಮನುಷ್ಯನನ್ನು ನೋಡದೆ ಘೋಡಿಯ ಎತ್ತರ ಹೇಳಲಾಗುವುದಿಲ್ಲ, ಒಮ್ಮೆ ಅವರನ್ನೇ ಕೇಳಿ ಬನ್ನಿ ಎಂದ. ಬಳಸುವವರನ್ನು ಕೇಳು ಎನ್ನುವ ಮಾರಾಟಗಾರರನ್ನು ದಾಮೋದರ ಮೂವತ್ತನಾಲ್ಕು ವರ್ಷ ಬಾಗಿಲಾಚೆಗೆ ಕಳಿಸಿದ್ದ. ಹರೀಶ್‌ಭಾಯಿಯ ಹೆಸರಿಗೆ ಆವತ್ತೇ ಪಟ್ಟಿಯಲ್ಲಿ ಅಡ್ಡಗೆರೆ ಬಿತ್ತು.

ಜೂನ್ ತಿಂಗಳಲ್ಲಿ ಸ್ಟ್ಯಾಂಡುಗಳು ಬಂದವು. ಮಡಚುವ ಉಕ್ಕಿನವು ಎರಡು, ಉರುಳೆಯವು ಎರಡು. ಹಿಂದಿನ ಕೋಣೆಗೆ ಹೊಸ ಟ್ಯೂಬ್‌ಲೈಟು, ಗೋಡೆಗೆ ಹತಾರು ತೂಗುಹಾಕಲು ಹಲಗೆ. ಗಿರಿಜಾ ಕುಂಕುಮ ಹಚ್ಚಿ, ಹೂವಿಟ್ಟು, ತೆಂಗಿನಕಾಯಿ ಒಡೆದಳು. ಶೀನ ಆಚಾರಿ ಸ್ಟ್ಯಾಂಡುಗಳ ಸುತ್ತ ಒಂದು ಪ್ರದಕ್ಷಿಣೆ ಬಂದರು. ಉರುಳೆಯನ್ನು ಬೆರಳಿಂದ ತಿರುಗಿಸಿ ನೋಡಿದರು.

"ಗಟ್ಟಿ ಉಂಟು" ಎಂದರು. ಆಮೇಲೆ ಮಗನ ಸಂತೋಷಕ್ಕೆಂದು, "ಲಾಯ್ಕುಂಟು" ಎಂದೂ ಸೇರಿಸಿದರು.

ನಿಂತುಕೊಂಡು ಒಂದು ಹಲಗೆಗೆ ಗರಗಸ ಹಾಕಿದರು. ಹಲಗೆಯನ್ನು ಕೈಯಲ್ಲಿ ಹಿಡಿಯಬೇಕೋ ಗರಗಸ ಹಿಡಿಯಬೇಕೋ ಅವರಿಗೆ ತಿಳಿಯಲಿಲ್ಲ. ಕಾಲು ಎರಡೂ ನೆಲದ ಮೇಲೆ ಸುಮ್ಮನೆ ನಿಂತಿದ್ದವು. ಹುಟ್ಟಿದಾರಭ್ಯ ನಾಲ್ಕು ಕೈಯಲ್ಲಿ ಕೆಲಸ ಮಾಡಿದವನಿಗೆ ಎರಡು ಕಡಿದರೆ ಹೇಗಿರುತ್ತದೆ? ಗರಗಸ ಗೀಟು ಬಿಟ್ಟು ಸರಿಯಿತು. ಅರ್ಧ ಗಂಟೆಯಲ್ಲಿ, "ಕಾಲು ನೋಯ್ತದೆ ಮಗ, ನಾಳೆ ನೋಡುವ" ಎಂದರು.

ಇಲ್ಲಿ ಬೇರೆ ಯಾರಾದರೂ ಆಗಿದ್ದರೆ ಒಂದು ನಿಮಿಷ ನಿಂತು ಯೋಚಿಸುತ್ತಿದ್ದರು. ದಾಮೋದರ ಕಾಲಿನ ನೋವಿಗೆ ರಬ್ಬರಿನ ಮ್ಯಾಟು ಆರಿಸಿದ. ಮ್ಯಾಟು ಸಾಲದೆಂದು ಎತ್ತರದ ಸ್ಟೂಲು ಆರಿಸಿದ. ಸ್ಟೂಲು ಬಂದ ಮೇಲೆ ಸ್ಟ್ಯಾಂಡಿನ ಎತ್ತರ ಹೊಂದಲಿಲ್ಲವೆಂದು ಕಾಲು ಇಳಿಸಿದ, ಏರಿಸಿದ. ಮರ ಜಾರುತ್ತದೆಂದು ಬಿಗಿಹಿಡಿಯುವ ಕ್ಲಾಂಪುಗಳನ್ನು ತಂದ. ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲದಂತಾಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ; ಇಲ್ಲಿ ಕುಣಿಯಬಲ್ಲವರಿಗೆ ನೆಲವನ್ನೇ ಉಳಿಸಿರಲಿಲ್ಲ. ಶೀನ ಆಚಾರಿ ದಿನಕ್ಕೊಮ್ಮೆ ಬರುತ್ತಿದ್ದವರು ವಾರಕ್ಕೊಮ್ಮೆ ಬಂದರು, ಮತ್ತೆ ನವರಾತ್ರಿಯ ಆಯುಧಪೂಜೆಗೆ ಮಾತ್ರ ಬಂದರು. ಅಪ್ಪನಿಗೆ ವಯಸ್ಸಾಯಿತು, ಆಸಕ್ತಿ ಹೋಯಿತು ಎಂದು ದಾಮೋದರ ಮಗಳು ಶ್ರುತಿಗೆ ಫೋನಿನಲ್ಲಿ ಹೇಳಿದ. ವಡೋದರದಲ್ಲಿ ಕೆಲಸದಲ್ಲಿದ್ದ ಅವಳು, "ಅಜ್ಜನ್ನೇ ಪೂಛೋ ನಾ ಪಪ್ಪಾ, ವಾಟ್ ಹೀ ವಾಂಟ್ಸ್" ಎಂದಳು. ಅವಳ ಕನ್ನಡವೇ ಸರಿಯಿಲ್ಲ ಎಂದು ಇವನು ಗೊಣಗಿಕೊಂಡ. ಅಜ್ಜನನ್ನೇ ಕೇಳಿ ಎಂದು ಅವಳು ಹೇಳಿದ್ದು ಸರಿಯಿತ್ತು.

ದೀಪಾವಳಿ ಕಳೆದು ಒಂದು ವಾರ. ದಾಮೋದರ ತಮ್ಮ ವಸತಿ ಸೊಸೈಟಿಯ ಕಾರ್ಯದರ್ಶಿಯ ಜೊತೆ ಮಾತನಾಡುತ್ತ ಗೇಟಿನ ಕಡೆ ಬರುತ್ತಿದ್ದ. ಗೇಟಿನ ಪಕ್ಕದ ಬೇವಿನ ಮರದಡಿ ಮಂಜುಬೆನ್ ಎಂಬ ಹೆಂಗಸು ಮೇಜು ಹಾಕಿಕೊಂಡು ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಆ ಮೇಜಿನ ಒಂದು ಕಾಲು ಮುರಿದಿತ್ತು. ಮರದ ಕೆಳಗೆ, ಬರಿಯ ಮಣ್ಣಿನ ಮೇಲೆ, ಪಂಚೆ ಮೊಣಕಾಲಿಗೆ ಏರಿಸಿಕೊಂಡು ಶೀನ ಆಚಾರಿ ಕೂತಿದ್ದರು. ಹೊಸ ಕಾಲಿಗೆಂದು ತಂದ ಮರದ ರೀಪು ಪಾದಗಳ ನಡುವೆ. ಬಾಚಿ ಏಳುತ್ತಿತ್ತು, ಬೀಳುತ್ತಿತ್ತು, ಹೆಬ್ಬೆರಳು ಮರವನ್ನು ಒಂದೊಂದೇ ನೂಲಿನಷ್ಟು ತಿರುಗಿಸಿ ಕೊಡುತ್ತಿತ್ತು. ಮಂಜುಬೆನ್ ಗುಜರಾತಿಯಲ್ಲಿ ಏನೋ ಹೇಳುತ್ತಿದ್ದಳು, ಇವರು ಕನ್ನಡದಲ್ಲಿ ಉತ್ತರ ಕೊಡುತ್ತಿದ್ದರು, ಇಬ್ಬರೂ ನಗುತ್ತಿದ್ದರು. ತಾಯಿ ಹೋದ ಮೇಲೆ ಅಪ್ಪ ನಕ್ಕದ್ದನ್ನು ದಾಮೋದರ ಕಂಡದ್ದು ಅದೇ ಮೊದಲು.

ಅದನ್ನು ಕಂಡೂ ಅವನಿಗೆ ಕಾಣಲಿಲ್ಲ. ಕಾರ್ಯದರ್ಶಿ ಹುಬ್ಬೇರಿಸಿದ್ದೊಂದೇ ಕಂಡಿತು.

"ಅಪ್ಪ, ಮನೆಯಲ್ಲಿ ಅಷ್ಟೆಲ್ಲ ಮಾಡಿಟ್ಟಿದ್ದೇನಲ್ಲ. ಇಲ್ಲಿ ಮಣ್ಣಲ್ಲಿ ಕೂತ್ಕೊಂಡು ಎಂತ ಇದು? ನೋಡಿದವರು ಎಂತ ಹೇಳ್ಬೇಕು? ಏಳಿ."

ಬಾಚಿ ಅಲ್ಲೇ ನಿಂತಿತು. ಶೀನ ಆಚಾರಿ ಬಾಚಿಯ ಬಾಯನ್ನು ಪಂಚೆಯ ತುದಿಯಲ್ಲಿ ಒರೆಸಿದರು, ಅರ್ಧ ಕೆತ್ತಿದ ರೀಪನ್ನು ಮಂಜುಬೆನ್‌ಳ ಕೈಗೆ ಕೊಟ್ಟರು, ಎದ್ದು ಮಗನ ಹಿಂದೆ ನಡೆದರು. ಮನೆಗೆ ಬಂದು ಹತಾರಿನ ಚೀಲದ ಬಾಯಿ ಕಟ್ಟಿದರು. ಆಮೇಲೆ ಅದನ್ನು ಬಿಚ್ಚಲಿಲ್ಲ.

ಆವತ್ತು ಗಿರಿಜಾ ಮಣೆ ಹಾಕಿಕೊಳ್ಳಲಿಲ್ಲ, ಜಗಳವನ್ನೇ ಮಾಡಿದಳು. "ಎಲ್ಲದಕ್ಕೂ ಪಟ್ಟಿ ಮಾಡ್ತೀರಿ. ಕೂರುವವರನ್ನು ಕೇಳ್ಲಿಕ್ಕೆ ಮಾತ್ರ ನಿಮಗೆ ಬಾಯಿ ಇಲ್ಲ. ಅವರು ನಿಮಗೆ ಅಪ್ಪ, ನಿಮ್ಮ ಕಂಪನಿಯ ಕೂಲಿಯವ ಅಲ್ಲ." ದಾಮೋದರ, "ನಾನು ಅವರಿಗೋಸ್ಕರವೇ ಮಾಡಿದ್ದಲ್ವಾ?" ಎಂದ. ಅದು ನಿಜವೂ ಹೌದು. ಅವನ ದುರದೃಷ್ಟವೇ ಅದು, ಬೇರೆ ಯಾರ ಮೇಲೂ ತಪ್ಪು ಹೊರಿಸುವಂತಿರಲಿಲ್ಲ.

ಚಳಿಗಾಲ ಕಳೆಯಿತು, ಬೇಸಿಗೆ ಕಳೆಯಿತು. ಶೀನ ಆಚಾರಿ ತೂಗುಮಂಚದಿಂದ ಎದ್ದರೆ ಊಟಕ್ಕೆ, ಊಟದಿಂದ ಎದ್ದರೆ ತೂಗುಮಂಚಕ್ಕೆ. ಮಳೆಗಾಲದಲ್ಲಿ ಆ ಪ್ರದೇಶಕ್ಕೆಲ್ಲ ಚಿಕನ್‌ಗುನ್ಯಾ ಹಬ್ಬಿತು, ಮನೆಯ ಮೂವರೂ ಮಲಗಿದರು. ಗಿರಿಜಾ ಎದ್ದಳು, ದಾಮೋದರ ಎದ್ದ. ಶೀನ ಆಚಾರಿಯವರಿಗೂ ಜ್ವರ ಬಿಟ್ಟಿತು, ಆದರೆ ಅದು ಕೈಕಾಲಿನ ಗಂಟುಗಳಲ್ಲಿ ಕೂತುಬಿಟ್ಟಿತು. ಬೆರಳುಗಳು ಊದಿದವು, ಊತ ಇಳಿದ ಮೇಲೆ ಬಿಗಿದುಕೊಂಡವು. ಡಾಕ್ಟರು ದಿನಾ ಬೆಚ್ಚಗಿನ ನೀರಿನಲ್ಲಿ ಆಡಿಸಿ ಎಂದರು. ಗಿರಿಜಾ ಆಡಿಸುತ್ತಿದ್ದಳು. ಕೈಬೆರಳು ಸ್ವಲ್ಪ ಸಡಿಲವಾದವು.

ಈ ವರ್ಷದ ಸಂಕ್ರಾಂತಿಯ, ಗುಜರಾತಿನವರ ಉತ್ತರಾಯಣದ, ಹಿಂದಿನ ದಿನ. ಊರಿಗೆ ಊರೇ ಗಾಳಿಪಟದ ಗಡಿಬಿಡಿಯಲ್ಲಿತ್ತು. ಗಿರಿಜಾ ಹಬ್ಬದ ಊಂಧಿಯೂ ಪಲ್ಯಕ್ಕೆಂದು ರಾಶಿ ತರಕಾರಿ ಹೆಚ್ಚುತ್ತ, ಎತ್ತರದ ಕಟ್ಟೆಯೆದುರು ಮಣೆಯ ಮೇಲೆ ನಿಂತು ನಿಂತು ಸೊಂಟ ಹಿಡಿದು, "ಆ ಮೆಟ್ಟುಕತ್ತಿಯಾದರೂ ಇದ್ದಿದ್ರೆ" ಎಂದಳು. ದಾಮೋದರನಿಗೆ ಏನನ್ನಿಸಿತೋ, ಹಿಂದಿನ ಕೋಣೆಗೆ ಹೋಗಿ ಅಪ್ಪನ ಚೀಲ ಬಿಚ್ಚಿದ. ಅರ್ಧ ಕೆತ್ತಿದ ಆ ಮಣೆ ಅಲ್ಲೇ ಇತ್ತು. ಕತ್ತಿ ಕೂರುವ ಕಚ್ಚನ್ನಷ್ಟೇ ತೋಡಬೇಕಿತ್ತು. ಅಷ್ಟು ತಾನೂ ಮಾಡಿಯೇನು ಎಂದುಕೊಂಡ.

ಹದಿನಾಲ್ಕು ಅಂಕಣ ದಾಟಿ ಗೆದ್ದು ಬಂದ ಸ್ಟ್ಯಾಂಡಿನ ಮೇಲೆ ಮಣೆ ಇಟ್ಟ. ಉಳಿಗೆ ಒಂದು ಪೆಟ್ಟು ಹಾಕಿದರೆ ಮಣೆ ಹಾರಿತು. ಎರಡು ಸ್ಟ್ಯಾಂಡು ಜೋಡಿಸಿ ಇಟ್ಟರೆ ನಡುವೆ ಬಿತ್ತು. ಕ್ಲಾಂಪು ಹಾಕಿದರೆ ಕೆತ್ತುವ ಜಾಗವೇ ಕ್ಲಾಂಪಿನ ಕೆಳಗೆ ಹೋಯಿತು. ತಿರುಗಿಸಿ ಹಾಕಿದ, ಬಿಚ್ಚಿದ, ಮತ್ತೆ ಹಾಕಿದ. ಮುಕ್ಕಾಲು ಗಂಟೆಯಲ್ಲಿ ಎರಡು ಚಕ್ಕೆ ಎದ್ದಿದ್ದವು, ಒಂದು ಮರದ್ದು, ಒಂದು ಅವನ ಹೆಬ್ಬೆರಳಿನದು. ಸಿಟ್ಟಿನಿಂದ ಮಣೆಯನ್ನು ಕೆಳಗೆ ಬಿಸಾಡಿ, ತಾನೂ ಸ್ಟ್ಯಾಂಡುಗಳ ಕಾಲುಗಳ ನಡುವೆ ಇದ್ದ ಒಂದು ಮೊಳ ಜಾಗದಲ್ಲಿ ಧೊಪ್ಪನೆ ಕೂತ. ಕೂತವನ ಕಾಲು ತಾನಾಗಿ ಮಣೆಯ ಮೇಲೆ ಬಿತ್ತು. ಉಳಿ ಇಟ್ಟು ಹೊಡೆದ. ಮಣೆ ಅಲುಗಲಿಲ್ಲ.

ಇನ್ನೊಮ್ಮೆ ಹೊಡೆದ. ಅಲುಗಲಿಲ್ಲ.

ದಾಮೋದರ ಕೊಡತಿ ಕೆಳಗಿಟ್ಟ. ನಂಗೆ ಎಂತಕ್ಕೆ ಮಗ ಸ್ಟ್ಯಾಂಡು, ನನ್ನದು ಕಾಲಲ್ಲೇ ಎಂದು ಅಪ್ಪ ಶುರುಮಾಡಿದ್ದ ಮಾತು ಮುಂದೆ ಏನಿದ್ದಿರಬಹುದು ಎಂಬುದು ಹತ್ತಿರ ಹತ್ತಿರ ಎರಡು ವರ್ಷದ ಮೇಲೆ ಅವನಿಗೆ ತಿಳಿಯಿತು. ಅಪ್ಪನಿಗೆ ಬೇಕಾಗಿದ್ದದ್ದು ಒಂದು ಗೋಣಿ ಹಾಸುವಷ್ಟು ನೆಲ. ಅದು ಮೊದಲ ದಿನವೇ ಇತ್ತು. ತಾನು ಊರೂರು ಸುತ್ತಿ, ಅಳೆದು, ಆರಿಸಿ, ಅದನ್ನು ತುಂಬಿಬಿಟ್ಟಿದ್ದ. ಬೇವಿನ ಮರದಡಿಯ ಮಣ್ಣಾದರೂ ಉಳಿದಿತ್ತು, ಅಲ್ಲಿಂದಲೂ ಎಬ್ಬಿಸಿ ಕರೆತಂದಿದ್ದ. ಅರವತ್ತೆರಡು ವರ್ಷದ ಗಂಡಸು ಸ್ಟ್ಯಾಂಡುಗಳ ನಡುವೆ ಕೂತು ಅತ್ತುಬಿಟ್ಟ. ಅತ್ತದ್ದು ಗಿರಿಜಾಗೆ ಕೇಳಿಸಿತು, ಅವಳು ಒಳಗೆ ಬರಲಿಲ್ಲ.

ಸಂಜೆಯೊಳಗೆ ಹರೀಶ್‌ಭಾಯಿಗೆ ಫೋನು ಮಾಡಿ, ಟೆಂಪೊ ತರಿಸಿ, ನಾಲ್ಕು ಸ್ಟ್ಯಾಂಡು, ಸ್ಟೂಲು, ಮ್ಯಾಟು, ಕ್ಲಾಂಪು ಎಲ್ಲವನ್ನೂ ಅವನಿಗೆ ಕೊಟ್ಟು ಕಳಿಸಿದ. ಟೆಂಪೊದ ಜೊತೆ ತಾನೇ ಬಂದಿದ್ದ ಹರೀಶ್‌ಭಾಯ್ ಖಾಲಿ ಕೋಣೆಯ ನೆಲ ನೋಡಿ ತಲೆಯಾಡಿಸಿದ. ದಾಮೋದರ ನೆಲ ತೊಳೆದ, ಒರೆಸಿದ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ಅವನಿಗೂ ಗೊತ್ತಿತ್ತು. ಆದರೂ ಮನುಷ್ಯನಿಗೆ ಆಸೆ ಇದ್ದೇ ಇರುತ್ತದೆ.

ಹಬ್ಬದ ಬೆಳಿಗ್ಗೆ ಛಾವಣಿ ಛಾವಣಿಗಳ ಮೇಲೆ ಹಾಡುಗಳೂ ಕೂಗಾಟವೂ ಶುರುವಾಗಿದ್ದಾಗ, ಅಪ್ಪನ ಕೈ ಹಿಡಿದು ಹಿಂದಿನ ಕೋಣೆಗೆ ಕರೆತಂದ. ಶೀನ ಆಚಾರಿ ಬಾಗಿಲಲ್ಲೇ ನಿಂತು, ಬರಿದಾದ ನೆಲವನ್ನೂ ಅದರ ಮೇಲೆ ಹಾಸಿದ್ದ ಗೋಣಿಯನ್ನೂ ನೋಡಿದರು.

"ಅವೆಲ್ಲ ಎಲ್ಲಿ ಹೋಯ್ತು?"

"ಕೊಟ್ಟೆ ಅಪ್ಪ. ನೀವು ಕೂತ್ಕೊಳ್ಳಿ. ನಿಮ್ಗೆ ಬೇಕಾದ ಹಾಗೆ."

ಅವರನ್ನು ಕೂರಿಸಲು ಗಿರಿಜಾ ಒಂದು ಕಡೆ, ದಾಮೋದರ ಒಂದು ಕಡೆ ಹಿಡಿಯಬೇಕಾಯಿತು. ಕೂತ ಮೇಲೆ ಅವರ ಬೆನ್ನು ತಾನಾಗಿ ಹಳೆಯ ಬಾಗಿಗೆ ಬಂತು. ಉಳಿಯ ಬಾಯನ್ನು ಉಗುರಿನ ಮೇಲೆ ಆಡಿಸಿ ನೋಡಿದರು. ಮಣೆಯನ್ನು ಎತ್ತಿ, ಮಗ ಕೆತ್ತಿದ್ದ ಜಾಗ ಕಂಡು, ತುಟಿಯಂಚಿನಲ್ಲಿ ಸ್ವಲ್ಪ ನಕ್ಕರು. ಎಡಪಾದಕ್ಕೆ ಒತ್ತಿ, ಬಲಗಾಲಿನ ಹೆಬ್ಬೆರಳನ್ನು ಅದರ ಅಂಚಿಗೆ ಕೊಟ್ಟು, ಕೊಡತಿ ಎತ್ತಿ ಒಂದು ಪೆಟ್ಟು ಹಾಕಿದರು. ಮಣೆ ಸರಿಯಿತು.

ಎಳೆದುಕೊಂಡರು, ಮತ್ತೆ ಹಿಡಿದರು, ಮತ್ತೆ ಸರಿಯಿತು. ದಾಮೋದರ ಹಿಡಿಯಲು ಕೈ ಚಾಚಿದ.

"ಬಿಡು. ನೋಡುವ" ಎಂದರು.

ಮೂರನೆಯ ಸಲ ಹೆಬ್ಬೆರಳು ನಡುಗಿತು, ಬಾಗಲಿಲ್ಲ. ಮಣೆ ಜಾರಿ ಗೋಣಿಯ ಮೇಲೆ ಮಗುಚಿತು. ಶೀನ ಆಚಾರಿ ಉಳಿಯನ್ನು ಪಕ್ಕಕ್ಕಿಟ್ಟು, ಆ ಬೆರಳನ್ನು ಕೈಯಲ್ಲಿ ಹಿಡಿದು, ಹಳೇ ಬಾಗಿಲಿನ ಬಿಜಾಗರಿ ಪರೀಕ್ಷಿಸುವ ಹಾಗೆ ಆಚೆ ಈಚೆ ತಿರುಗಿಸಿ ನೋಡಿದರು.

"ಹೋದ ವರ್ಷ ಆಗಿದ್ರೆ ಹಿಡೀತಿತ್ತು" ಎಂದರು. ದೂರುವ ದನಿಯಲ್ಲ, ಮರದ ಅಳತೆ ಹೇಳುವ ದನಿ.

ಅಪ್ಪ ಬೈದಿದ್ದರೇ ವಾಸಿಯಿತ್ತು ಎಂದು ದಾಮೋದರನಿಗೆ ಅನ್ನಿಸಿತು. "ಅಪ್ಪ, ನಾನು ನಿಮ್ಮನ್ನ ಕೇಳ್ಬೇಕಿತ್ತು" ಎಂದ. ಆ ಮಾತು ಹೊರಡುವಷ್ಟರಲ್ಲಿ ಅವನಿಗೆ ಸಾಕಾಗಿತ್ತು.

"ಕೇಳಿದ್ರೆ ಹೇಳ್ತಿದ್ದೆ ಮಗ" ಎಂದರು ಶೀನ ಆಚಾರಿ. ಆಮೇಲೆ ಎರಡೂ ತೋಳುಗಳನ್ನು ಅವನ ಕಡೆ ಚಾಚಿದರು. "ಈಗ ಏಳಿಸು. ನೆಲ ತುಂಬ ತಣ್ಣಗುಂಟು."

ದಾಮೋದರ ಬಗ್ಗಿ, ಕಂಕುಳಿಗೆ ಕೈಕೊಟ್ಟು, ಅಪ್ಪನನ್ನು ಏಳಿಸಿದ.